ಯಜಮಾನ್ರು ಬೀಳಿಸಿದ ಫೋನು

ಹಪ್ಪಳದಂತೆ ಒಡೆದಿದ್ದ ಫೋನನ್ನು ಹೆಂಗಸೊಬ್ಬಳು ಮುಬಾರಕನ ರಿಪೇರಿ ಮೇಜಿನ ಮೇಲಿಟ್ಟಳು.

"ನಮ್ಮ ಯಜಮಾನ್ರು ಬೀಳಿಸಿದ್ರು. ತಿಂಗಳಾಯ್ತು. ಸ್ಕ್ರೀನ್ ಹೋಗೇಬಿಟ್ಟಿದೆ, ಅಲ್ವಾ?"

ಮುಬಾರಕ ಬಿರುಕಿನ ಮೇಲೆ ಉಗುರಾಡಿಸಿದ. ಅಂಚಿಗೆ ಬ್ಲೇಡು ತೂರಿಸಿ ಮೆಲ್ಲಗೆ ಎಬ್ಬಿಸಿದ. ಮೇಲಿನ ಗಾಜು ಸಿಪ್ಪೆಯಂತೆ ಕೈಗೆ ಬಂತು. ಅದರಡಿಯ ಸ್ಕ್ರೀನು ಮದುವಣಗಿತ್ತಿಯ ಕನ್ನಡಿಯಂತೆ ಹೊಳೆಯಿತು.

"ಸ್ಕ್ರೀನಿಗೆ ಏನೂ ಆಗಿಲ್ಲ ಅಕ್ಕಾ! ಒಡೆದಿರೋದು ಮೇಲೆ ಅಂಟಿಸಿದ್ದ ಟೆಂಪರ್ಡ್ ಗ್ಲಾಸ್ ಅಷ್ಟೇ. ಹೊಸದು ಹಾಕ್ಲಾ?"

ಅವಳು ಹೊರಗೆ ನೋಡಿದಳು. ಬೀದಿಯಾಚೆ ಗಂಡ ಸ್ಕೂಟರ್ ನಿಲ್ಲಿಸಿಕೊಂಡು, ಪರೀಕ್ಷೆಯಲ್ಲಿ ಫೇಲಾದವನ ಮುಖ ಮಾಡಿಕೊಂಡು ಕಾಯುತ್ತಿದ್ದ.

"ಬೇಡಪ್ಪಾ, ಆ ಒಡೆದಿರೋದನ್ನೇ ವಾಪಸ್ ಅಂಟಿಸಿಕೊಡು," ಎಂದಳು ದನಿ ತಗ್ಗಿಸಿ. "ಬೀಳಿಸಿದ ದಿನದಿಂದ ಬೆಳಗಿನ ಕಾಫಿ ಅವರೇ ಮಾಡ್ಕೊಡ್ತಿದ್ದಾರೆ."