ಅಲಿ, ಟೈಸನ್ ಮತ್ತು ಅರ್ಧ ಗಡ್ಡ

ಇಬ್ರಾಹಿಂಸಾಬ ಕತ್ತಿಯನ್ನು ಗಾಳಿಯಲ್ಲೇ ನಿಲ್ಲಿಸಿದಾಗ ಪ್ರಭುರಾಜ ಮಾಸ್ತರರ ಎಡಗೆನ್ನೆ ನುಣ್ಣಗಾಗಿತ್ತು. ಬಲಗೆನ್ನೆಯ ಮೇಲೆ ನೊರೆ ಹಾಗೇ ಕೂತಿತ್ತು. ತಪ್ಪು ಮಾಸ್ತರರದೇ. ಗಡ್ಡ ಮಾಡಿಸಿಕೊಳ್ಳಲು ಬಂದವರು ಸುಮ್ಮನೆ ಕೂಡಬೇಕಿತ್ತು. ಮೊಬೈಲಿಗೆ ಬಂದಿದ್ದ ‘ಜಗತ್ತಿನ ಹತ್ತು ಮಹಾ ಗಟ್ಟಿಗರು’ ಎಂಬ ಪಟ್ಟಿಯನ್ನು ಜೋರಾಗಿ ಓದಿಬಿಟ್ಟಿದ್ದರು. ಅದರಲ್ಲಿ ಮೊದಲ ಹೆಸರು ಮೈಕ್ ಟೈಸನ್‌ದು. ಮೊಹಮ್ಮದ್ ಅಲಿ ನಾಲ್ಕನೆಯವ.

“ನಾಲ್ಕನೇದಾಂವ? ಅಲಿ?” ಇಬ್ರಾಹಿಂಸಾಬ ಕನ್ನಡಿಯಲ್ಲಿ ಮಾಸ್ತರರನ್ನು ದಿಟ್ಟಿಸಿದ. “ಯಾರ್ರೀ ಇದನ್ನ ಬರದಾಂವ?”

“ಯಾರರ ಬರೀಲಿ, ಖರೇನ ಐತಿ. ಇಪ್ಪತ್ತನೇ ವರ್ಷಕ್ಕ ಜಗಜಟ್ಟಿ ಆದಾಂವ ಟೈಸನ್. ಅವನ ಮುಂದ ನಿಂತವ್ರು ಕಣ್ಣು ಮುಚ್ಚಿ ತಗಿಯೂದ್ರಾಗ ನೆಲಾ ಹಿಡೀತಿದ್ರು.”

“ಕಿವಿ ಕಚ್ಚಿದಾಂವ ಅದಾನ್ರಿ ಅಂವ!” ಇಬ್ರಾಹಿಂಸಾಬ ಮಾಸ್ತರರ ಬಲಗಿವಿಯನ್ನೇ ಎರಡು ಬೆರಳಲ್ಲಿ ಹಿಡಿದು ತೋರಿಸಿದ. “ಅಲಿ ದವಡಿ ಮುರದ್ರೂ ಕಡೀತನಕ ನಿಂತು ಬಡದಾಡಿದಾಂವ. ಗದ್ದಕ್ಕ ಒಂದು ಸಣ್ಣ ಗೀರು ಬಿದ್ರ ನೀವು ಎಷ್ಟು ಒದರ್ತೀರಿ, ನನಗ ಗೊತ್ತೈತಿ.”

ಇಬ್ಬರ ನಡುವಿನ ಈ ಜಗಳಕ್ಕೆ ಹದಿನೈದು ವರ್ಷ. ಆದರೆ ಇವತ್ತು ಅದಕ್ಕೆ ಪುರಸೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಕಾದ ಮೇಲೆ ಮಾಸ್ತರರಿಗೆ ಬಡ್ತಿ ಬಂದಿತ್ತು. ಯಲಬುರ್ಗಾ ಕಡೆಯ ಮಂಗಳೂರಿನ ಶಾಲೆಗೆ ಹೆಡ್‌ಮಾಸ್ತರರಾಗಿ ಇವತ್ತೇ ಹಾಜರಾಗಬೇಕು. ಒಂಬತ್ತರ ಬಸ್ಸು ಅಂಗಡಿಯ ಎದುರಿಗೇ ಬಂದು ನಿಂತಿತ್ತು. ಗಡಿಯಾರದಲ್ಲಿ ಇನ್ನು ಹತ್ತೇ ನಿಮಿಷ.

“ಆತು ಮಾರಾಯ್ರ, ಅಲೀನ ದೊಡ್ಡಾಂವ. ಗಡ್ಡ ಮುಗಸ್ರಿ.”

“ಬಾಯಿಮಾತಿಗೆ ಬ್ಯಾಡ್ರಿ ಸರ. ಮನಸಿನಿಂದ ಅನ್ರಿ.”

ಮಾಸ್ತರರು ಬಾಯಿ ತೆರೆದರು. ಮನಸಿನಿಂದ ಅನ್ನಲು ನಾಲಿಗೆ ಹೊರಳಲಿಲ್ಲ. ಅರ್ಧ ಗಡ್ಡದ ಹೆಡ್‌ಮಾಸ್ತರನಿಗೆ ಮಕ್ಕಳು ಇಡಬಹುದಾದ ಅಡ್ಡಹೆಸರುಗಳು ಒಂದೊಂದಾಗಿ ಕಣ್ಣ ಮುಂದೆ ಸುಳಿದವು. “ಇಬ್ರೂ ಬ್ಯಾಡ, ಬ್ರೂಸ್ ಲೀ ಅನ್ನೂಣು” ಎಂದು ರಾಜಿಗೆ ಬಂದರು.

“ಸಿನಿಮಾದಾಗ ಹೊಡದದ್ದು ಲೆಕ್ಕಕ್ಕಿಲ್ರಿ!”

ಆಗ ಹಿಂದಿನ ಬೆಂಚಿನಿಂದ ಯಾರೋ ಗೊಳ್ಳೆಂದು ನಕ್ಕರು. ಕನಕಗಿರಿಯ ಹನಮಪ್ಪ, ಎಪ್ಪತ್ತು ದಾಟಿದ ಹಳೆಯ ಪೈಲ್ವಾನ. ಮಗಳ ಮನೆಗೆಂದು ಕುಷ್ಟಗಿಗೆ ಬಂದವನು ತನ್ನ ಪಾಳಿಗಾಗಿ ಕಾಯುತ್ತ ಕೂತಿದ್ದ. ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಅವನ ಎರಡೂ ಕಿವಿ ಮುದ್ದೆಯಾಗಿದ್ದವು. ಆ ಕಿವಿಗಳನ್ನು ಕಂಡದ್ದೇ ಇಬ್ಬರಿಗೂ ನ್ಯಾಯಾಧೀಶ ಸಿಕ್ಕಂತಾಯಿತು.

“ಪೈಲ್ವಾನ್ರ, ನೀವ ಹೇಳ್ರಿ. ಎಲ್ಲಾರಕಿಂತ ಗಟ್ಟಿಗ ಯಾರು?”

“ನಾ ಅವರ್ಯಾರ್ನೂ ಕಂಡಿಲ್ಲಪಾ. ಮೈ ಹಚ್ಚಿ ನೋಡದ ಗಟ್ಟಿ ಅಂತ ಹೆಂಗ ಹೇಳ್ಲಿ?” ಹನಮಪ್ಪ ಮೀಸೆ ಸವರಿಕೊಂಡ. “ನಾ ಮೈ ಹಚ್ಚಿದವರೊಳಗ ಕೇಳಿದ್ರ, ಕಳಕಪ್ಪ. ಯಲಬುರ್ಗಿ ಕಡ್ಯಾಂವ. ನೋಡಾಕ ಜ್ವಾಳದ ದಂಟು ಇದ್ದಂಗಿದ್ದ. ಹನ್ನೊಂದು ಸಲ ಅವನ ಬೆನ್ನು ಮಣ್ಣಿಗೆ ಹಚ್ಚೀನಿ.”

“ಹನ್ನೊಂದು ಸಲ ಸೋತಾಂವ ಗಟ್ಟಿಗ ಹೆಂಗ ಆದ್ರಿ?” ಎಂದ ಇಬ್ರಾಹಿಂಸಾಬ. ಕಥೆಯ ವಾಸನೆ ಹತ್ತಿದ್ದೇ ಅವನ ಕೈ ತಾನಾಗಿ ಮಾಸ್ತರರ ಬಲಗೆನ್ನೆಗೆ ಇಳಿದಿತ್ತು.

“ಮೊದಲ್ನೇ ಸಲ ಒಂದು ಬೀಡಿ ಸೇದೂದ್ರಾಗ ಚಿತ್ ಮಾಡಿದ್ದೆ. ಅಂವ ಎದ್ದ, ಬೆನ್ನ ಮಣ್ಣು ಜಾಡಿಸಿಕೊಂಡ, ನನ್ನ ಕೈ ಹಿಡದು ‘ಮುಂದಿನ ವರ್ಷ ಬರ್ತೀನ್ರಿ ಅಣ್ಣಾರ’ ಅಂದ. ಮುಂದಿನ ವರ್ಷ ಬಂದ. ನಾ ಯಾವ ಪೇಚಿನಿಂದ ಕೆಡವಿದ್ನೋ ಆ ಪೇಚು ಆ ವರ್ಷ ನಡೀಲಿಲ್ಲ. ಬ್ಯಾರೇದು ಹಾಕಿ ಕೆಡವಿದೆ. ಅದರ ಮುಂದಿನ ವರ್ಷ ಅದೂ ನಡೀಲಿಲ್ಲ. ಹಿಂಗ ವರ್ಷಕ್ಕೊಂದು ಪೇಚು ಕಳಕೋತ ಹೊಂಟೆ.”

ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಮಾಸ್ತರರ ಗಡ್ಡ ಮುಗಿದು ಆಗಲೇ ಎರಡು ನಿಮಿಷವಾಗಿತ್ತು. ಅವರು ಎದ್ದು ಬ್ಯಾಗಿಗೆ ಕೈ ಹಾಕಿದರು. ಮತ್ತೆ ಬೆಂಚಿನ ತುದಿಗೆ ಕೂತರು.

“ಸರ, ಬಸ್ ಹೊಂಟತ್ರಿ!”

“ಹೋಗ್ಲಿ ಬಿಡ್ರಿ. ಆಮ್ಯಾಲೇನಾತ್ರಿ ಪೈಲ್ವಾನ್ರ?”

“ನೀವು ಕೂಡ್ರಿ, ನನ್ನ ಗಾಡಿ ಮ್ಯಾಲ ಬಿಟ್ಟು ಬರ್ತೀನಿ” ಎಂದು ಇಬ್ರಾಹಿಂಸಾಬನೂ ಕತ್ತಿ ಕೆಳಗಿಟ್ಟ.

“ಹನ್ನೊಂದನೇ ಸಲ ತಾಸಿನ ಮ್ಯಾಲ ಹಿಡೀತು. ಗೆದ್ದಾಂವ ನಾನು, ದವಾಖಾನಿಗೆ ಎತಗೊಂಡು ಹೋದದ್ದೂ ನನ್ನ. ಅಂವ ನಡಕೋತ ಹೋದ.”

“ಹನ್ನೆರಡನೇ ಸಲ ಅಂವ ಗೆದ್ದನೇನ್ರಿ?”

“ಹನ್ನೆರಡನೇದು ಆಗ್ಲೇ ಇಲ್ಲ. ಕಳಕಪ್ಪ ಬರಾಕತ್ಯಾನ ಅಂತ ಸುದ್ದಿ ಬಂತು. ಆವತ್ತ ನಾ ಕುಸ್ತಿ ಬಿಟ್ಟೆ.”

ಮಾಸ್ತರರು ಬಿದ್ದು ಬಿದ್ದು ನಕ್ಕರು. ಅಲಿಯ ಬಂಟ ಹೊಟ್ಟೆ ಹಿಡಿದುಕೊಂಡು ಟೈಸನ್ನನ ಬಂಟನ ಹೆಗಲಿಗೆ ಒರಗಿದ. ಹನಮಪ್ಪ ಮಾತ್ರ ನಗಲಿಲ್ಲ. ನಿಧಾನಕ್ಕೆ ಎದ್ದು ಖಾಲಿ ಕುರ್ಚಿಗೆ ಬಂದು ಕೂತ.

“ನಗಬ್ಯಾಡ್ರಿ. ಹೋದ ವಾರ ಫೋನ್ ಮಾಡಿದ್ದ. ‘ಅಣ್ಣಾರ, ಮೊಣಕಾಲಿನ ಆಪರೇಶನ್ ಭಾಳ ಛಲೋ ಆಗೇತ್ರಿ. ಈ ವರ್ಷ ಕುಸ್ತಿ ಹಿಡಿಯೂಣೇನ್ರಿ?’ ಅಂದ.”

“ನೀವೇನಂದ್ರಿ?”

ಹನಮಪ್ಪ ಗದ್ದ ಮೇಲೆತ್ತಿ ಕಣ್ಣು ಮುಚ್ಚಿದ.

“ರಾಂಗ್ ನಂಬರ್ ಅಂದೆ.”