ಕಟ್ಟಿಹಾಕುವ ಗಾಳಿ

“ಎಳಿ, ಇನ್ನೂ ಎಳಿ!” ದೋಣಿಯ ಮೇಲಿಂದ ಗಂಡ ಕೂಗಿದ. ಬಂದರಿನ ದಕ್ಕೆಯ ಮೇಲೆ ನಿಂತಿದ್ದ ಹೆಂಡತಿ ಹಗ್ಗವನ್ನು ಕಬ್ಬಿಣದ ಗೂಟಕ್ಕೆ ಸುತ್ತಿ, ಹಿಮ್ಮಡಿ ಊರಿ, ಹಿಂದಕ್ಕೆ ವಾಲಿದಳು.

“ನನ್ನ ತೋಳು ಕಿತ್ತು ಬಂದ್ರೆ ಅದನ್ನೂ ಗೂಟಕ್ಕೇ ಕಟ್ಕೊಳ್ಳಿ.”

“ಕಟ್ತೀನಿ. ಹಗ್ಗಕ್ಕಿಂತ ಗಟ್ಟಿ ಇದೆ.”

ಬೆಳಗಿನಿಂದ ಬೀಸುತ್ತಿದ್ದ ದಕ್ಷಿಣದ ಸೆಕೆಗಾಳಿ ಊಟದ ಹೊತ್ತಿಗೆ ಇದ್ದಕ್ಕಿದ್ದಂತೆ ಸತ್ತುಹೋಗಿತ್ತು. ಈಗ ಉತ್ತರದಲ್ಲಿ, ನೀರಿಗೆ ತಾಗಿಕೊಂಡು, ಒಂದು ಉದ್ದನೆಯ ಮೋಡ ಸುತ್ತಿಟ್ಟ ಚಾಪೆಯಂತೆ ಮಲಗಿತ್ತು. ರೇಡಿಯೋದವರು ಅದನ್ನು ಶೀತಗಾಳಿಯ ಮುಂಚೂಣಿ ಎನ್ನುತ್ತಿದ್ದರು. ಬಂದರಿನವರಿಗೆ ಅದು ಬರೀ ಬಡಗಣ. ವರ್ಷವಿಡೀ ಬೆವರಿಳಿಸುವ ಈ ಕಡಲಿಗೆ ಚಳಿಗಾಲವೆಂದರೆ ಅದೊಂದೇ: ಆಗೊಮ್ಮೆ ಈಗೊಮ್ಮೆ ಉತ್ತರದಿಂದ ಇಳಿದು, ಎರಡು ದಿನವೋ ಮೂರು ದಿನವೋ ಬೀಸಿ, ದೋಣಿಗಳನ್ನೆಲ್ಲ ಕಟ್ಟಿಹಾಕಿ ಹೋಗುವ ಗಾಳಿ.

ಬಡಗಣ ಬಂದಾಗಲೆಲ್ಲ ಗಂಡಸರು ಶಪಿಸುತ್ತಿದ್ದರು. ಹೆಂಗಸರೂ ದನಿಗೂಡಿಸುತ್ತಿದ್ದರು, ಬಾಯಲ್ಲಿ ಮಾತ್ರ. ಪೆಟ್ಟಿಗೆಯ ತಳದಿಂದ ನುಸಿಗುಳಿಗೆಯ ವಾಸನೆ ಸಮೇತ ಕಂಬಳಿ ಹೊರಬರುತ್ತಿತ್ತು. ಅದು ಬಿಟ್ಟರೆ ಬೆಚ್ಚನೆಯ ಬಟ್ಟೆ ಎಂಬುದೇ ಇಲ್ಲದ ಮನೆ. ಮಕ್ಕಳು ಅಪ್ಪನ ಕಾಲುಚೀಲಗಳನ್ನು ಕೈಗೆ ಹಾಕಿಕೊಂಡು ಓಡಾಡುತ್ತಿದ್ದವು. ಆಕಾಶ ತೊಳೆದಿಟ್ಟ ಹಾಗೆ, ಬಿಸಿಲಿದ್ದೂ ಚಳಿ. ಆ ದಿನಗಳಲ್ಲಿ ಗಾಳಿಗಿಂತ ಕಡಲೇ ಬೆಚ್ಚಗಿರುತ್ತಿತ್ತು. ಕೈ ಮರಗಟ್ಟಿದರೆ ದಕ್ಕೆಯ ಮೆಟ್ಟಿಲಿಳಿದು ನೀರಲ್ಲಿ ಅದ್ದಿಕೊಂಡು ಬರುವುದು. ಗಂಡ ಮನೆಯೊಳಗೆ ಅಡ್ಡಾಡಿ, ಬಾಗಿಲ ಚೌಕಟ್ಟಿಗೆ ತಲೆ ಬಡಿದುಕೊಂಡು, ಸರಿಯಾಗಿದ್ದ ಗಡಿಯಾರ ಬಿಚ್ಚಿ ಕೆಡಿಸಿ, ಕೊನೆಗೆ ಅವಳ ಪಕ್ಕ ಕೂತು ಬೆಳ್ಳುಳ್ಳಿ ಸುಲಿಯತೊಡಗುತ್ತಿದ್ದ. ಹೋಗಲು ಎಲ್ಲಿಗೂ ದಾರಿಯಿರಲಿಲ್ಲ, ಹಾಗಾಗಿ ಪೂರ್ತಿಯಾಗಿ ಅಲ್ಲೇ ಇರುತ್ತಿದ್ದ. ಆ ಬೀದಿಯ ಮಕ್ಕಳೆಲ್ಲ ಹುಟ್ಟಿದ್ದು ಹೆಚ್ಚುಕಡಿಮೆ ಒಂದೇ ಋತುವಿನಲ್ಲಿ. “ನಿಮ್ಮ ಗಂಡಂದಿರಿಗೆ ಹೇಳಿ ಪ್ರಯೋಜನ ಇಲ್ಲ ಕಣ್ರೇ, ಆ ಗಾಳಿಗೇ ಹೇಳಿ ಸುಮ್ನಿರೋಕೆ,” ಎಂದು ಸೂಲಗಿತ್ತಿ ಗೊಣಗುತ್ತಿದ್ದಳು.

ಮಕ್ಕಳು ದೊಡ್ಡವರಾಗಿ ಅವರವರ ದಾರಿ ಹಿಡಿದರು. ಬಡಗಣ ಮಾತ್ರ ಗಂಡನನ್ನು ತಪ್ಪದೆ ಮನೆಗೆ ತಂದು ಬಿಡುತ್ತಿತ್ತು. ಇವತ್ತೂ ಅವಳು ಆ ಸೆಕೆಯಲ್ಲೇ ಕಂಬಳಿಯನ್ನು ಬಿಸಿಲಿಗೆ ಹರವಿ, ಪಕ್ಕದ ಮನೆಯವಳಿಂದ ಗೇಲಿ ಮಾಡಿಸಿಕೊಂಡು ಬಂದಿದ್ದಳು.

“ಮಾಮಾ, ಆ ಹಗ್ಗ ಬಿಡಿ!” ಸಣ್ಣ ಧಣಿ ಓಡುನಡಿಗೆಯಲ್ಲಿ ಬಂದ. ಅಪ್ಪ ಹೋದ ಮೇಲೆ ದೋಣಿಗಳೆಲ್ಲ ಅವನವೇ. ಹುಡುಗನಾಗಿದ್ದಾಗ ಬಡಗಣದ ದಿನಗಳಲ್ಲಿ ಅವಳ ಮಕ್ಕಳ ನಡುವೆ ತೂರಿಕೊಂಡು ಅದೇ ಕಂಬಳಿ ಎಳೆದಾಡಿದವನು. “ಬಂದೇಬಿಡ್ತು ನೋಡಿ ನಮ್ಮ ಹೊಸ ಹಡಗು.”

ಅಲೆತಡೆಯ ಗೋಡೆಯಾಚೆ ಬಿಳಿಯ ಉಕ್ಕಿನ ಹಡಗೊಂದು ಎಂಜಿನ್ ಆರಿಸದೆ, ಉತ್ತರಕ್ಕೆ ಮೂತಿ ಮಾಡಿ ನಿಂತಿತ್ತು.

“ಬಡಗಣ ಎಷ್ಟೇ ಬೀಸ್ಲಿ, ಅದು ಕೇರ್ ಮಾಡಲ್ಲ. ಸಂಜೆಗೇ ಹೊರಡುತ್ತೆ. ಚುಕ್ಕಾಣಿ ನಿಮ್ದು.”

ಗಂಡ ದಕ್ಕೆಗೆ ಹಾರಿ ಬಂದು ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡ. “ಅಲೆ ಅಡ್ಡ ಹೊಡೆದ್ರೆ?”

“ಲೋಟದಲ್ಲಿರೋ ಟೀ ತುಳುಕಲ್ಲ.”

“ಬಿಡೋ, ನಿಮ್ಮಪ್ಪನೂ ಹೀಗೇ ಬುರುಡೆ ಬಿಡ್ತಿದ್ದ.”

ಅಂದನೇ ಹೊರತು ಹಡಗಿನಿಂದ ಕಣ್ಣು ಕೀಳಲಿಲ್ಲ. ಆ ನೋಟ ಅವಳಿಗೆ ಗೊತ್ತಿತ್ತು. ಮದುವೆಗೆ ಮುಂಚೆ, ಇದೇ ದಕ್ಕೆಯ ಮೇಲೆ, ತನ್ನನ್ನು ಹಾಗೆ ನೋಡಿದ್ದ. “ಆಯ್ತು, ಬರ್ತೀನಿ,” ಎಂದ. ಯೋಚಿಸಲೂ ಇಲ್ಲ. ಇಷ್ಟು ವರ್ಷ ಅವನು ಬಡಗಣವನ್ನು ಶಪಿಸಿದ್ದು ಬಾಯಿಮಾತಿಗಲ್ಲ ಎಂದು ಅವಳಿಗೆ ಆಗ ತಿಳಿಯಿತು.

ಅಷ್ಟರಲ್ಲಿ ಗಾಳಿ ಬಂದೇಬಿಟ್ಟಿತು. ಹಗ್ಗಗಳೆಲ್ಲ ಒಟ್ಟಿಗೆ ಕಿರುಗುಟ್ಟಿದವು. ಬೆವರಿದ್ದ ಬೆನ್ನಿಗೆ ಚಳಿ ಹತ್ತಿತು.

“ಏನೇ, ಮಾತೇ ಇಲ್ಲ?” ಎಂದ ಗಂಡ.

“ಒಳ್ಳೇದಾಯ್ತಲ್ಲ. ಇನ್ನೇನು ಮಾತು.”

“ಇನ್ಮೇಲೆ ನಿನ್ನ ಗಡಿಯಾರ ಬದುಕ್ಕೊಳ್ತು ನೋಡು.”

ಅವಳು ನಗಲು ನೋಡಿದಳು. ಆಗಲಿಲ್ಲ. ಕಟ್ಟಿ ಮುಗಿಸಿದ್ದ ಗಂಟನ್ನೇ ಮತ್ತೆ ಬಿಗಿಯತೊಡಗಿದಳು. ಗಂಡ ಅವಳ ಬಗ್ಗಿದ ತಲೆಯನ್ನೇ ನೋಡುತ್ತಾ ನಿಂತ. ಆಮೇಲೆ ಸಣ್ಣ ಧಣಿಯತ್ತ ತಿರುಗಿದ.

“ಒಂದ್ಕೆಲ್ಸ ಮಾಡು. ಈ ಸಲ ಬೇರೆ ಯಾರಾದ್ರೂ ನಡೆಸ್ಲಿ. ಈ ಒಂದು ಬಡಗಣಕ್ಕೆ ನಾನು ಮನೇಲಿರ್ತೀನಿ.”

“ಅದಕ್ಕೇನಂತೆ ಮಾಮಾ, ರಜೆ ತಗೊಳ್ಳಿ.” ಸಣ್ಣ ಧಣಿ ಅವಳ ಕಡೆ ನೋಡಿ ನಕ್ಕ. “ಅತ್ತೆ, ಖುಷಿ ತಾನೆ? ಮಾಮನ್ನ ನಿಮಗೇ ಬಿಟ್ಟುಕೊಟ್ಟಿದ್ದೀನಿ.”

ಅವಳು ತಲೆ ಎತ್ತಿದಳು. ಗಂಡ ಅವಳಿಗೆ ಎದುರಾಗಿಯೇ ನಿಂತಿದ್ದ, ಮುಖದಲ್ಲಿ ಅಕ್ಕರೆಯೂ ಇತ್ತು. ಆದರೆ ಗೋಡೆಯಾಚೆ ಎಂಜಿನ್ ಒಮ್ಮೆ ಗುರುಗುಟ್ಟಿದ್ದೇ ತಡ, ಅವನ ಕತ್ತು ಅವನಿಗೇ ಗೊತ್ತಿಲ್ಲದಂತೆ ಅತ್ತ ಹೊರಳಿತು.

“ಬೇಡ,” ಎಂದಳು.

“ಲೇ, ನಾನಾಗೇ ಇರ್ತೀನಿ ಅಂತಿದ್ದೀನಲ್ಲ. ನಿನಗೋಸ್ಕರಾನೇ...”

“ಅದಕ್ಕೇ ಬೇಡ.”