ಕಚ್ಚಿಕೊಂಡ ಪಿನ್ನು

ವೆಂಡೆಲ್ ಕಾಲು ಗಂಟೆಯಿಂದ ಟ್ರೂಡಿಯ ಪಿಕಪ್ಪಿನ ಕೆಳಗೆ ಮಲಗಿದ್ದ. ಹೊರಗೆ ಕಾಣುತ್ತಿದ್ದದ್ದು ಅವನ ಬೂಟುಗಳು ಮಾತ್ರ. ಆ ಬೂಟುಗಳೂ ಖುಷಿಯಲ್ಲಿರುವಂತೆ ಅವನ ಹೆಂಡತಿ ಅರ್ಲೀನಳಿಗೆ ಕಂಡವು.

ತಿರುವುಗಳಲ್ಲಿ ಗಾಡಿ ಓಲಾಡದ ಹಾಗೆ ಮುಂದಿನ ಎರಡು ಚಕ್ರಗಳನ್ನು ಬಿಗಿಹಿಡಿಯುವ ಅಡ್ಡ ಸರಳೊಂದಿರುತ್ತದೆ. ಮೋಯಾಬ್ ಮರುಭೂಮಿಯ ಕೆಂಪು ಬಂಡೆಗಳ ಮೇಲೆ ಗಾಡಿ ಹತ್ತಿಸುವ ಆಟಕ್ಕೆ ಮೊದಲು ಅದರ ಎರಡು ತುದಿಯ ಪಿನ್ನು ಎಳೆದು ಬಿಡಿಸಬೇಕು. ಆಗಲೇ ಒಂದೊಂದು ಚಕ್ರವೂ ತನ್ನ ಪಾಡಿಗೆ ತಾನು ಏರಿ ಇಳಿಯುವುದು. ನೆಲ ಸಮನಾಗಿದ್ದರೆ ಎರಡು ನಿಮಿಷದ ಕೆಲಸ. ಟ್ರೂಡಿ ಎಡಚಕ್ರವನ್ನು ಗುಂಡಿಗಿಳಿಸಿ ಗಾಡಿ ನಿಲ್ಲಿಸಿದ್ದಳು. ಸರಳು ತಿರುಚಿಕೊಂಡು ಪಿನ್ನು ಕಚ್ಚಿಕೊಂಡಿತ್ತು.

"ಗಾಡೀನ ಒಂದು ಗಜ ಮುಂದೆ ತಗೊಳ್ಳೋಕೆ ಹೇಳು, ಪಿನ್ನು ತಾನೇ ಬರತ್ತೆ," ಎಂದಳು ಅರ್ಲೀನ್.

"ಇರ್ಲಿ ಬಿಡೇ, ಇನ್ನೇನು ಬಂತು," ಎಂದವು ಬೂಟುಗಳು. "ಟ್ರೂಡಿ, ಬಂಪರ್ ಮೇಲೆ ಹತ್ತಿ ಒಂಚೂರು ಕುಲುಕು!"

ಟ್ರೂಡಿ ಹತ್ತಿ ಕುಣಿದಳು. ಗಂಡ ಸತ್ತು ಎರಡು ವರ್ಷದ ಮೇಲೆ ಅವನ ಗಾಡಿಯನ್ನು ಅವಳು ಹೊರಗೆ ತಂದದ್ದು ಇದೇ ಮೊದಲು. "ಸಾಕಾ? ಇನ್ನೂ ಜೋರಾಗಿ ಕುಲುಕ್ಲಾ?"

"ನೋಡ್ಕೊಂಡು ಮಾರಾಯ್ತಿ, ನಾನಿನ್ನೂ ಬದುಕ್ಬೇಕು!"

ಇಬ್ಬರೂ ನಕ್ಕರು. ಅರ್ಲೀನ್ ತನ್ನ ಗಾಡಿಯ ಕಡೆ ತಿರುಗಿದಳು. ಹದಿನೆಂಟು ವರ್ಷದಿಂದ ತನ್ನ ಗಾಡಿಯ ಪಿನ್ನನ್ನು ಅವಳೇ ಜಲ್ಲಿಯ ಮೇಲೆ ಬೆನ್ನು ಹಚ್ಚಿ ಬಿಡಿಸುತ್ತಿದ್ದಳು. ಯಾವಾಗಲೋ ಒಮ್ಮೆ ವೆಂಡೆಲ್, "ನಿನ್ ಕೈ ಥರ ಯಾರ ಕೈನೂ ಇಲ್ಲ ಬಿಡು" ಎಂದಿದ್ದ. ಅವಳು ಉಬ್ಬಿಹೋಗಿದ್ದಳು. ಅಂದಿನಿಂದ ಅವನು ಅವಳ ಗಾಡಿಯ ಕೆಳಗೆ ಬಗ್ಗಿಯೂ ನೋಡಿರಲಿಲ್ಲ.

ಅವಳು ತನ್ನ ಗಾಡಿ ಹತ್ತಿದಳು. ಸಮನೆಲದಿಂದ ನಾಲ್ಕಡಿ ಮುಂದೆ ತಂದು, ಬಲಚಕ್ರವನ್ನು ಮೊಣಕಾಲೆತ್ತರದ ಕಲ್ಲಿನ ಮೇಲೆ ಏರಿಸಿ ನಿಲ್ಲಿಸಿದಳು. ಇಳಿದು ಬಂದು, ಸೊಂಟದ ಮೇಲೆ ಕೈಯಿಟ್ಟು ಕೂಗಿದಳು.

"ವೆಂಡೆಲ್, ನಂದೂ ಕಚ್ಕೊಂಡಿದೆ. ಬರ್ತಿಲ್ಲ."

"ನಿಂದಾ?" ಕೆಳಗಿನಿಂದ ಸುತ್ತಿಗೆಯ ಸದ್ದು ನಿಲ್ಲಲಿಲ್ಲ. "ತಮಾಷೆ ಮಾಡ್ಬೇಡ ಹೋಗೇ. ನಿಂಗೆ ಬರದೇ ಇರೋ ಪಿನ್ನು ಇನ್ನೂ ಹುಟ್ಟಿಲ್ಲ."

ಟ್ರೂಡಿ ಬಂಪರಿನಿಂದ ಧುಮುಕಿ, ಕೈಯೊರೆಸಿಕೊಳ್ಳುತ್ತ ಇತ್ತ ಬಂದಳು. ಕಲ್ಲಿನ ಮೇಲೆ ಕೂತ ಚಕ್ರವನ್ನು ನೋಡಿದಳು. ಕಲ್ಲನ್ನು ನೋಡಿದಳು. ಹಿಂದೆ ಖಾಲಿ ಬಿದ್ದಿದ್ದ ಸಮನೆಲವನ್ನೂ ನೋಡಿದಳು. ಆಮೇಲೆ ಬೂಟುಗಳಿಗೆ ಕೇಳಿಸದಂತೆ ಅರ್ಲೀನಳ ಕಿವಿಯ ಬಳಿ ಬಗ್ಗಿದಳು.

"ನಾನು ಗುಂಡಿ ಹುಡುಕ್ದೆ, ನೀವು ಕಲ್ಲು ಹುಡುಕಿದ್ರಿ."